ಇಳಿಜಾರಿನ ಗಾಡಿ

ಆ ಬೆಳಿಗ್ಗೆ ಗಾಡಿಯ ಚಕ್ರದ ಕಲ್ಲು ತೆಗೆಯುವ ಕೆಲಸವಿರಲಿಲ್ಲ. ಅದಿಲ್ಲದೆ ಕೈಯನ್ನು ಎಲ್ಲಿಟ್ಟುಕೊಳ್ಳಬೇಕೆಂದು ನಯನಾಗೆ ತಿಳಿಯಲಿಲ್ಲ. ಮನೆಯ ಪಕ್ಕದ ಇಳಿಜಾರಿಗೆ ಅಡ್ಡಲಾಗಿ ಕುಡಿಯುವ ನೀರಿನ ಪೈಪು ಹಾಕುವವರು ಕಾಲುವೆ ತೋಡಿ, ಪೈಪು ಬಂದಿಲ್ಲವೆಂದು ಹಾಗೇ ಬಿಟ್ಟು ಹೋಗಿದ್ದರು. ಹಾಗಾಗಿ ಬಿಳಿ ಕಾರು ತನ್ನ ಮಾಮೂಲಿ ಜಾಗ ಬಿಟ್ಟು ಅಂಗಳದ ಸಮತಟ್ಟಿನಲ್ಲಿ, ನೀರಿನ ನಲ್ಲಿಯ ಪಕ್ಕ, ಮಂಜು ಮೆತ್ತಿಕೊಂಡು ನಿಂತಿತ್ತು. ಕೆ. ಹೊಸಕೋಟೆಯಿಂದ ಒಳಕ್ಕೆ ಬಂದರೆ ಈ ಗುಡ್ಡಗಳಲ್ಲಿ ಡೀಸೆಲ್ ಗಾಡಿ ಇಟ್ಟುಕೊಂಡವರು ಮನೆ ಮುಂದೆ ಎಷ್ಟು ಜಾಗವಿದ್ದರೂ ಇಳಿಜಾರು ಹುಡುಕಿಯೇ ನಿಲ್ಲಿಸುತ್ತಾರೆ. ಮುಂದಿನ ಚಕ್ರಕ್ಕೆ ಒಂದು ಕಲ್ಲು. ಬೆಳಿಗ್ಗೆ ಹೆಂಡತಿಯೋ ತಮ್ಮನೋ ಕಲ್ಲು ಎಳೆದರೆ ಗಾಡಿ ತಾನಾಗಿ ಉರುಳುತ್ತದೆ, ಉರುಳುವಾಗ ಎರಡನೇ ಗೇರಿನಲ್ಲಿ ಕ್ಲಚ್ ಬಿಟ್ಟರೆ ಎಂಜಿನ್ ಕೆಮ್ಮಿ ಎದ್ದುಬಿಡುತ್ತದೆ. ಬ್ಯಾಟರಿ ಉಳಿಯಿತು ಎಂದು ಎಲ್ಲರಿಗೂ ಸಮಾಧಾನ. ಒಮ್ಮೆ ಎದ್ದ ಗಾಡಿಯನ್ನು ನಿಲ್ಲಿಸಿದರೆ ಆರಿಹೋಗುತ್ತದೆಂಬ ಭಯಕ್ಕೆ ಅವಳ ಗಂಡ ಧರ್ಮ ಎಂದೂ ನಿಲ್ಲಿಸುತ್ತಿರಲಿಲ್ಲ. ಕಲ್ಲು ಎಳೆದ ನಯನಾ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಳ್ಳುತ್ತ, ನೆರಿಗೆ ಎತ್ತಿ ಹಿಡಿದು, ಉರುಳುವ ಗಾಡಿಯ ಹಿಂದೆ ಓಡಿ ಬಾಗಿಲು ಹಿಡಿದು ಹತ್ತಬೇಕು. ಎದುರು ಮನೆಯ ಭೂತಮ್ಮ ಪೊರಕೆ ಹಿಡಿದು ನಿಂತು ನೋಡುತ್ತಿದ್ದಳು. ಮೊದಮೊದಲು ನಗುತ್ತಿದ್ದಳು, ಆಮೇಲೆ ನಗುವುದನ್ನೂ ಬಿಟ್ಟಳು. ನಗು ನಿಂತದ್ದೇ ನಯನಾಗೆ ಹೆಚ್ಚು ಅವಮಾನವಾಗಿತ್ತು.

"ಬ್ಯಾಟರಿ ಹೋಗೈತೆ. ಸಿದ್ದುಗೆ ಹೇಳಿವ್ನಿ, ಬರ್ತಾನೆ. ಗಾಡಿ ಮುಟ್ಬೇಡ, ತಣ್ಣಗಿರ್ಬೇಕಂತೆ" ಎಂದು ಹೇಳಿ ಧರ್ಮ ಮಸುಕಿನಲ್ಲೇ ಬಸ್ಸಿಗೆ ಹೋಗಿದ್ದ. ದೋಣಿಗಲ್ ಕಡೆಯ ಎಸ್ಟೇಟಿನಲ್ಲಿ ಅವನು ಆಳುಗಳ ಲೆಕ್ಕ ಬರೆಯುವ ರೈಟರ್. ಕಾಫಿ ಕೊಯ್ಲಿನ ಕಾಲದಲ್ಲಿ ರೈಟರ್ ತಡಮಾಡಿದರೆ ಲೈನ್ ಮನೆಗಳ ಆಳುಗಳು ಬುಟ್ಟಿ ಹಿಡಿದು ನಿಂತೇ ಇರುತ್ತಾರೆ. ಗಾಡಿ ಮುಟ್ಟಬೇಡ ಎಂದದ್ದಕ್ಕೆ ಅವಳಿಗೆ ನಗು ಬಂತು. ಅವಳು ಅದರ ಸ್ಟೀರಿಂಗ್ ಮುಟ್ಟಿ ಎರಡು ವರ್ಷವಾಯಿತು. ಅರಕಲಗೂಡು ಸೀಮೆಯ ತವರಿನಲ್ಲಿ ಅಪ್ಪನ ಪಿಕಪ್ಪಿಗೆ ಆಲೂಗಡ್ಡೆ ಮೂಟೆ ತುಂಬಿಸಿಕೊಂಡು ಸಂತೆಗೆ ಹೊಡೆಯುತ್ತಿದ್ದವಳು ಅವಳು. ನೋಡಲು ಬಂದ ಗಂಡಿನ ಕಡೆಯವರ ಮುಂದೆ ಅಪ್ಪ, ಅಡುಗೆಯ ಮಾತಿಗೂ ಮೊದಲು, "ನಮ್ ಹುಡ್ಗಿ ಗಾಡಿ ಹೊಡೀತಾಳೆ" ಎಂದಿದ್ದ. ಅದನ್ನು ಕೇಳಿ ತಲೆಯೆತ್ತಿ ನೋಡಿದವರು ಮಾವ ಅಣ್ಣಯ್ಯ ಒಬ್ಬರೇ. ಜೀವಮಾನವೆಲ್ಲ ಎಸ್ಟೇಟಿನ ಲಾರಿ ಓಡಿಸಿದವರು. "ಘಾಟಿ ಇಳ್ಸಿದ್ದೀಯೇನವ್ವ?" ಎಂದು ಕೇಳಿದ್ದರು. ಇಲ್ಲ ಎಂದಳು. "ಕಲ್ಸನ ಬುಡು" ಎಂದರು. ಆ ಒಂದು ಮಾತಿಗೇ ಈ ಮನೆ ಒಪ್ಪಿದ್ದೆನೇನೋ ಎಂದು ಅವಳಿಗೆ ಈಗಲೂ ಅನಿಸುತ್ತದೆ.

ಅದೇ ಅಣ್ಣಯ್ಯ ಈಗ ಜಗುಲಿಯ ಕುರ್ಚಿಯಲ್ಲಿ, ಬಲಗೈಯನ್ನು ತೊಡೆಯ ಮೇಲೆ ಯಾರದೋ ಸಾಮಾನಿನ ಹಾಗೆ ಇಟ್ಟುಕೊಂಡು ಕೂತಿದ್ದರು. ಎರಡು ವರ್ಷದ ಹಿಂದಿನ ಸಂಕ್ರಾಂತಿಯ ಬೆಳಿಗ್ಗೆ ಹಲ್ಲುಜ್ಜುತ್ತ ನಿಂತವರು ನಲ್ಲಿಯ ಬುಡದಲ್ಲಿ ಕುಸಿದಿದ್ದರು. ಈಗ ಅವರಿಗೆ ಉಳಿದಿರುವುದು ಕೆಲವೇ ಮಾತು: ಕಾಪಿ, ಬಿಸ್ಲು, ಸಾಕು. ಅವನ್ನೂ ಬಾಯಲ್ಲಿ ಹೊರಳಿಸಿ ಹೊರಳಿಸಿ ಆಡಬೇಕು. ನಯನಾ ರಾಗಿ ಗಂಜಿ ತಂದು ಚಮಚೆಯಿಂದ ಕುಡಿಸಿದಳು. ಗಲ್ಲಕ್ಕೆ ಇಳಿದದ್ದನ್ನು ಒರೆಸಿದಳು. ಒರೆಸುವಾಗಲೆಲ್ಲ ಬರುವ ಯೋಚನೆ ಈಗಲೂ ಬಂತು. ಇದು ನನ್ನ ಕೈ ಮಾಡಿದ್ದು. ಯಾರೂ ಹಾಗೆ ಬಿಡಿಸಿ ಹೇಳಿರಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಇನ್ನೂ ಸ್ವಲ್ಪ ಬೇಗ ಬಂದಿದ್ದರೆ ಕೈಯೂ ಮಾತೂ ಉಳಿಯುತ್ತಿತ್ತೇನೋ ಎಂದು ಹಾಸನದ ಡಾಕ್ಟರು ಅಂದಿದ್ದರು. ಅವರು ಯಾರನ್ನೂ ಬಯ್ಯುವ ದನಿಯಲ್ಲಿ ಅಂದಿರಲಿಲ್ಲ. ಆದರೆ ಅಲ್ಲಿ ನಿಂತಿದ್ದವರೆಲ್ಲ ಬೇಗ ಬರಲಾಗದ್ದಕ್ಕೆ ಕಾರಣ ಹುಡುಕುವವರಂತೆ ಒಬ್ಬರ ಮುಖ ಒಬ್ಬರು ನೋಡಿದರು. ಕೊನೆಗೆ ಎಲ್ಲರ ಕಣ್ಣು ಅವಳ ಮೇಲೆ ಬಂದು ನಿಂತಿತು.

ಸಿದ್ದು ಬೈಕಿನ ಹಿಂದೆ ಹಗ್ಗದಲ್ಲಿ ಒಂದು ಬ್ಯಾಟರಿ ಬಿಗಿದುಕೊಂಡು ಬಂದ. ಆಲೂರಿನಲ್ಲಿ ಗ್ಯಾರೇಜಿಟ್ಟವನು, ಬಾಯಿಗೆ ಬಿಡುವಿಲ್ಲದ ಮನುಷ್ಯ. ಬರುತ್ತಲೇ ಕಾಲುವೆ ತೋಡಿದವರನ್ನು ಬೈದ, ಚಳಿಯನ್ನು ಬೈದ, ಬಾನೆಟ್ ಎತ್ತಿ ಎಂಜಿನನ್ನೂ ಬೈದ. ಗ್ಯಾರೇಜಿಗೆ ಬರುವ ಗಾಡಿಯಲ್ಲಿ ಈ ಕಾಯಿಲೆ ಕಾಣುವುದೇ ಇಲ್ಲವಂತೆ. ಅಲ್ಲಿಗೆ ಬರುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಎಲ್ಲ ಸರಿಯಾಗಿರುತ್ತದೆ, ಡಾಕ್ಟರ ಮುಂದೆ ಕೂತ ಕೂಡಲೇ ಮಗುವಿನ ಜ್ವರ ಇಳಿದ ಹಾಗೆ. ಅದಕ್ಕೇ ತಣ್ಣಗಿರುವಾಗಲೇ ನೋಡಬೇಕು ಎಂದು ಬಂದದ್ದು. ತಂದ ಬ್ಯಾಟರಿಗೆ ವೈರು ಸಿಕ್ಕಿಸಿ ಕೀ ತಿರುಗಿಸಿದ. ಸ್ಟಾರ್ಟರ್ ಜೋರಾಗಿ ತಿರುಗಿತು, ತಿರುಗುತ್ತಲೇ ಇತ್ತು, ಸೈಲೆನ್ಸರಿನಿಂದ ಬಿಳಿ ಹೊಗೆ ಒಂದಿಷ್ಟು ಬಂದು ಮಂಜಿನಲ್ಲಿ ಸೇರಿಕೊಂಡಿತು, ಎಂಜಿನ್ ಹತ್ತಲಿಲ್ಲ.

ಆ ಸದ್ದು. ನಯನಾ ಜಗುಲಿಯ ಕಂಬ ಹಿಡಿದುಕೊಂಡಳು. ಅದೇ ಸದ್ದು, ಅದೇ ಬಿಳಿ ಹೊಗೆ. ಆ ಸಂಕ್ರಾಂತಿಯ ಹಿಂದಿನ ಸಂಜೆ ಗಾಡಿ ತೊಳೆಯಲೆಂದು ಅವಳೇ ಇಳಿಜಾರಿನಿಂದ ತಂದು ನಲ್ಲಿಯ ಪಕ್ಕ ನಿಲ್ಲಿಸಿದ್ದಳು. ತೊಳೆದು, ಅರಿಶಿನ ಕುಂಕುಮ ಇಟ್ಟು, ಚೆನ್ನಾಗಿ ಕಾಣುತ್ತದೆಂದು ಅಲ್ಲೇ ಬಿಟ್ಟಿದ್ದಳು. ಧರ್ಮ ಕೊಯ್ಲೆಂದು ಎಸ್ಟೇಟಿನಲ್ಲೇ ಉಳಿದಿದ್ದ. ಬೆಳಿಗ್ಗೆ ಭೂತಮ್ಮ ಕಾಲು ಹಿಡಿದು, ತಾನು ತೋಳು ಹಿಡಿದು ಮಾವನನ್ನು ಹಿಂದಿನ ಸೀಟಿನಲ್ಲಿ ಒರಗಿಸಿದ್ದಾಯಿತು. ಓಡಿ ಬಂದು ಕೂತಳು. ಕೀ ಅರ್ಧ ತಿರುಗಿಸಿದಳು. ಮೀಟರಿನ ಪಕ್ಕ ಹಳದಿ ಸುರುಳಿ ದೀಪ ಹತ್ತಿತು. ಎಂಜಿನ್ ಒಳಗಿನ ಹೀಟರ್ ಪ್ಲಗ್ಗುಗಳು ಬಿಸಿಯಾಗುತ್ತಿವೆ, ತಡಿ ಎನ್ನುವ ದೀಪ ಅದು. ಆರಿದ ಮೇಲೆ ಸ್ಟಾರ್ಟ್ ಹೊಡೆಯಬೇಕು. ಅಪ್ಪ ಅವಳಿಗೆ ಕಲಿಸಿದ ಮೊದಲ ಪಾಠ. ತಡೆದಳೇ? ಇಲ್ಲಿಗೆ ಬಂದರೆ ನೆನಪು ಮುಂದೆ ಹೋಗುವುದಿಲ್ಲ. ಮೊದಲು ಅವಳಿಗೆ ಖಚಿತವಾಗಿ ನೆನಪಿತ್ತು, ದೀಪ ಆರಿತ್ತು. ಆರಿದ ಮೇಲೇ ತಿರುಗಿಸಿದ್ದಳು. ಸ್ಟಾರ್ಟರ್ ಹೀಗೇ ತಿರುಗಿ ತಿರುಗಿ ಸೋತು, ಬ್ಯಾಟರಿಯೂ ಕಡೆಗೆ ಟಿಕ್ ಎಂದು ಸುಮ್ಮನಾಗಿತ್ತು. ಇಳಿಜಾರಿಗೆ ತಳ್ಳೋಣವೆಂದರೆ ನಡುವೆ ದಿಬ್ಬ, ಇದ್ದವರು ಇಬ್ಬರು ಹೆಂಗಸರು. ಭೂತಮ್ಮ ರಸ್ತೆಗೆ ಓಡಿ, ಶುಂಠಿ ತುಂಬಿದ್ದ ಪಿಕಪ್ಪೊಂದನ್ನು ಅಡ್ಡ ಹಾಕಿ, ಮೂಟೆ ಇಳಿಸಿ, ಅವರನ್ನು ಅದರಲ್ಲಿ ಮಲಗಿಸುವಷ್ಟರಲ್ಲಿ ಬಿಸಿಲು ಬಂದಿತ್ತು. ಮಧ್ಯಾಹ್ನ ಆಸ್ಪತ್ರೆಯ ವರಾಂಡಕ್ಕೆ ಧರ್ಮ ಬಂದ. ಅವನ ಸೋದರತ್ತೆಯಿದ್ದಳು, ಪಿಕಪ್ಪಿನವರಿದ್ದರು. ಎಲ್ಲರೆದುರು ಅವನು ಅಂದ: "ಲೈಟ್ ಆರೋಗಂಟ ತಡೀಬೇಕಿತ್ತು ಕಣೆ." ಬೈಯಲಿಲ್ಲ. ಮೆಲ್ಲಗೆ, ಮರುಕದಿಂದಲೇ ಅಂದ. ಅಂದಿನಿಂದ ನೆನಪಿನಲ್ಲಿ ದೀಪ ಆರಲೊಲ್ಲದು. ರಾತ್ರಿ ಮಲಗಿದರೆ, ಪಾತ್ರೆ ತೊಳೆಯುತ್ತಿದ್ದರೆ, ಅವಳು ಕೀ ತಿರುಗಿಸುತ್ತಾಳೆ, ದೀಪ ಇನ್ನೂ ಉರಿಯುತ್ತಿರುತ್ತದೆ. ಅವಸರದ ಕೈ, ತಡೆಯಲಾಗದ ಕೈ. ಆಮೇಲೆ ಅವಳು ಸ್ಟೀರಿಂಗ್ ಹಿಡಿಯಲಿಲ್ಲ. ಹಿಡಿ ಎಂದು ಯಾರೂ ಹೇಳಲೂ ಇಲ್ಲ.

"ಬ್ಯಾಟರಿ ಅಲ್ಲ ಕಣಕ್ಕ" ಎಂದ ಸಿದ್ದು. "ನೋಡಿ ಹೆಂಗ್ ತಿರುಗ್ತೈತೆ, ಗಿರಣಿ ತಿರುಗ್ದಂಗೆ."

"ಮತ್ಯಾಕೆ ಬ್ಯಾಟರಿ ಹೊತ್ಕಂಡು ಬಂದ್ರಿ?"

"ಧರ್ಮಣ್ಣ ಬ್ಯಾಟರಿ ಅಂದ್ರಲ್ಲ! ಗಿರಾಕಿ ಹೇಳಿದ್ನ ಮೊದ್ಲು ಮಾಡ್ಬುಡ್ಬೇಕು, ಇಲ್ದಿದ್ರೆ ಆಮೇಲೆ ಅದೇ ಮಾತಾಯ್ತದೆ."

ಆಮೇಲೆ ಡೀಸೆಲ್ ಫಿಲ್ಟರ್ ಬಿಚ್ಚಿ ನೋಡಿದ, ಮೂಸಿದ, ಅದರಲ್ಲೂ ಏನಿಲ್ಲ ಎಂದು ತಲೆ ಕೆರೆದುಕೊಂಡ. ನಯನಾ ಕೊಟ್ಟ ಕಾಫಿ ಕುಡಿಯುತ್ತ ಡೀಸೆಲಿಗೆ ಏನು ಬೆರೆಸುತ್ತಾರೆಂದು ಶುರು ಮಾಡಿದ. ಅವಳಿಗೆ ತಡೆಯಲಾಗಲಿಲ್ಲ. "ಹೀಟರ್ ನೋಡಿದ್ರಾ?" ಎಂದಳು. ಎರಡು ವರ್ಷದ ನಂತರ ಗಾಡಿಯ ಬಗ್ಗೆ ಅವಳ ಬಾಯಿಂದ ಬಂದ ಮೊದಲ ಪ್ರಶ್ನೆ. ಕೇಳಿದ ಮೇಲೆ ನಾಚಿಕೆಯಾಯಿತು.

"ಹೀಟರಲ್ಲಿ ನೋಡೋದೇನೈತಕ್ಕ? ಅದು ಹೋಗಿ ಯಾವ ಕಾಲ ಆಯ್ತು! ಬೇರೆ ಏನಾದ್ರೂ ಕೆಟ್ಟೈತಾ ಅಂತ ನೋಡ್ತಿದ್ದೆ." ಸಿದ್ದು ಲೋಟ ಕೆಳಗಿಟ್ಟ. "ನಾಕೂ ಸುಟ್ಟೋಗವೆ, ಹಾಕ್ಸ್ಬುಡಿ ಅಂತ ಧರ್ಮಣ್ಣಂಗೆ ಆವಾಗ್ಲೇ ಹೇಳಿದ್ನಲ್ಲ. ಇಳಿಜಾರೈತೆ ಬುಡೋ ಮಾರಾಯ ಅಂದ್ರು. ಫ್ಯೂಸ್ ಬೇರೆ ಹೊಡೀತಿತ್ತು, ನಾನೇ ವೈರ್ ಬಿಚ್ಚಿ ಟೇಪ್ ಸುತ್ಬುಟ್ಟೆ. ಇಲ್ನೋಡಿ, ನನ್ ಟೇಪೇ."

ಅವಳು ಬಗ್ಗಿ ನೋಡಿದಳು. ಎಂಜಿನ್ನಿನ ಪಕ್ಕ ಒಂದು ದಪ್ಪ ವೈರು ತುದಿಗೆ ಕಪ್ಪು ಟೇಪ್ ಸುತ್ತಿಸಿಕೊಂಡು, ಯಾವುದಕ್ಕೂ ತಗುಲದೆ ಮಡಚಿಕೊಂಡಿತ್ತು. ಟೇಪಿನ ಮೇಲೆ ಧೂಳು ಎಣ್ಣೆ ಕುಡಿದು ಗಟ್ಟಿಯಾಗಿತ್ತು.

"ಯಾವಾಗ?"

"ನಾನು ಹೊಸ ಗ್ಯಾರೇಜ್ ತೆರೆದ್ನಲ್ಲ, ಗೌರಿಹಬ್ಬಕ್ಕೆ. ನಿಮ್ ಗಾಡೀನೇ ಮೊದಲ್ನೇ ಗಿರಾಕಿ. ಅಜ್ಜ ಬಿದ್ದಿದ್ದು ಸಂಕ್ರಾಂತಿಲಲ್ವ? ಅದಕ್ಕೆ ಹಿಂದಿನ ಗೌರಿಹಬ್ಬ."

"ಲೈಟ್ ಹತ್ತುತ್ತಲ್ಲ?" ಅವಳ ದನಿ ಅವಳಿಗೇ ದೂರದಿಂದ ಕೇಳಿಸಿತು. "ಹತ್ತಿ ಆರುತ್ತೆ. ನಾನ್ ನೋಡಿದೀನಿ."

"ಅದು ಟೈಮರ್ ಲೈಟು ಕಣಕ್ಕ. ಹೊತ್ತಿಗೆ ಸರಿಯಾಗಿ ಹತ್ತುತ್ತೆ, ಆರುತ್ತೆ. ಒಳಗೆ ಬಿಸಿ ಆಯ್ತೋ ಇಲ್ವೋ ಅದುಕ್ಕೇನ್ ಗೊತ್ತು? ಇಡೀ ದಿನ ನೋಡ್ಕಂಡ್ ಕೂತ್ರೂ ಈ ಗಾಡಿ ಚಳೀಲಿ ಹತ್ತಲ್ಲ." ಹೀಗೆಂದವನು, ತಾನು ಈಗ ಏನು ಹೇಳಿದೆನೆಂಬ ಪರಿವೆಯೇ ಇಲ್ಲದೆ, ಕಾಫಿಯ ಕೊನೆಯ ಗುಟುಕು ಕುಡಿದು ಇನ್ನೊಂದು ಲೋಟ ಸಿಗುತ್ತದೇನೋ ಎಂದು ಅಡುಗೆಮನೆಯ ಕಡೆ ನೋಡಿದ.

ಬಲ್ಬಿಗೆ ವೈರು ಕಟ್ಟಿದ ಟೆಸ್ಟ್ ಲೈಟನ್ನು ಅವನು ಬ್ಯಾಟರಿಗೆ ಸಿಕ್ಕಿಸಿದ. ಬಲ್ಬನ್ನು ಅವಳ ಕೈಗೆ ಕೊಟ್ಟು, ವೈರಿನ ಇನ್ನೊಂದು ತುದಿಯನ್ನು ಒಂದೊಂದೇ ಪ್ಲಗ್ಗಿನ ತಲೆಗೆ ಮುಟ್ಟಿಸುತ್ತ ಹೋದ. ಪ್ಲಗ್ ಚೆನ್ನಾಗಿದ್ದರೆ ಬಲ್ಬು ಉರಿಯಬೇಕು. ಮೊದಲನೆಯದಕ್ಕೆ ಉರಿಯಲಿಲ್ಲ. ಎರಡನೆಯದಕ್ಕೂ ಇಲ್ಲ. ನಯನಾ ಅಂಗೈಯಲ್ಲಿ ಆ ತಣ್ಣಗಿನ ಬಲ್ಬನ್ನು ಹಿಡಿದು ನಿಂತಿದ್ದಳು. ಒಂದಾದರೂ ಉರಿಯಲಿ ಎಂದು ಯಾಕೋ ಮನಸ್ಸು ಬೇಡಿಕೊಳ್ಳುತ್ತಿತ್ತು. ಒಂದು ಉರಿದರೂ ಸಾಕು, ತಪ್ಪಿನಲ್ಲಿ ತನಗೂ ಒಂದು ಪಾಲು ಉಳಿಯುತ್ತದೆ. ಪೂರಾ ಕಳೆದುಕೊಂಡರೆ ಈ ಎರಡು ವರ್ಷವನ್ನು ಏನೆಂದು ಕರೆಯುವುದು? ನಾಲ್ಕಕ್ಕೂ ಉರಿಯಲಿಲ್ಲ. ಸಿದ್ದು ಪ್ಲಗ್ಗುಗಳ ಬುಡಕ್ಕೆ, ಸಡಿಲವಾಗಲೆಂದು, ಸೀಮೆಎಣ್ಣೆ ಬಿಟ್ಟು, ಆಲೂರಿಗೆ ಹೋಗಿ ಹೊಸವು ತರುತ್ತೇನೆಂದು ಬೈಕು ಹತ್ತಿದ.

ಹಗುರವಾಗಬೇಕಿತ್ತು, ಆಗಲಿಲ್ಲ. ಮಾವನಿಗೆ ಸ್ನಾನ ಮಾಡಿಸಿದಳು. ಸತ್ತ ಕೈಯನ್ನು ನೀವುವಾಗ ಅವಳ ಬೆರಳು ಅಲ್ಲೇ ನಿಂತವು. ಇಷ್ಟು ದಿನ ಈ ಕೈಯನ್ನು ನೀವಿದ್ದು ತಪ್ಪು ಮಾಡಿದವಳು. ಅವಳಿಗೆ ಬೇಸರ ಬರುವಂತಿರಲಿಲ್ಲ, ಸುಸ್ತಾಯಿತು ಎನ್ನುವಂತಿರಲಿಲ್ಲ, ತವರಿಗೆ ಹೋಗಿ ಬರುತ್ತೇನೆ ಎಂದು ಬಾಯಿ ಬಿಡುವಂತಿರಲಿಲ್ಲ. ಊರಿನವರು "ಮಗಳಂಗೆ ನೋಡ್ಕತಾಳೆ" ಎನ್ನುವಾಗ ಒಳಗೊಳಗೆ ಕುಗ್ಗುತ್ತಿದ್ದಳು. ಈಗ ತಪ್ಪೇ ಇಲ್ಲವೆಂದಾದರೆ ಈ ಕೈಯನ್ನು ನೀವುತ್ತಿರುವವಳು ಯಾರು? ಪ್ರೀತಿಯಿತ್ತೋ, ಬರೀ ಭಯವಿತ್ತೋ? ಹಾಗೆಂದುಕೊಂಡರೂ ಬೆರಳು ಮತ್ತೆ ಚಲಿಸಿದವು, ಬೆಚ್ಚಗಿನ ನೀರು ಹುಯ್ದವು, ಉಗುರಿನ ಸಂದಿಯ ಕೊಳೆ ತೆಗೆದವು. ಅವಕ್ಕೆ ಯಾವ ಅನುಮಾನವೂ ಇದ್ದಂತಿರಲಿಲ್ಲ. ಸಿಟ್ಟು ಬಂದದ್ದು ಆಮೇಲೆ, ಟವೆಲ್ ಹಿಂಡುವಾಗ. ಬಂದದ್ದು ಎಂಥ ಸಿಟ್ಟೆಂದರೆ ಟವೆಲಿನ ಅಂಚು ಹರಿಯಿತು. ಗಾಡಿ ಕೆಟ್ಟದ್ದಕ್ಕಲ್ಲ, ಗಾಡಿ ಯಾರದ್ದಾದರೂ ಕೆಡುತ್ತದೆ. ಇಳಿಜಾರಿದೆ ಬಿಡು ಎಂದದ್ದಕ್ಕೂ ಅಲ್ಲ, ಈ ಗುಡ್ಡದಲ್ಲಿ ಎಲ್ಲರೂ ಹಾಗೇ ಅನ್ನುವುದು. ಆಸ್ಪತ್ರೆಯ ವರಾಂಡದಲ್ಲಿ ಆ ಮರುಕದ ದನಿ ತೆಗೆದನಲ್ಲ, ಗೊತ್ತಿದ್ದೂ ತೆಗೆದನಲ್ಲ, ಅದಕ್ಕೆ.

ಸಿದ್ದು ಬಿಸಿಲೇರಿದ ಮೇಲೆ ಬಂದು ಹೊಸ ಪ್ಲಗ್ಗು ಹಾಕಿದ, ಟೇಪು ಬಿಚ್ಚಿ ವೈರು ಸೇರಿಸಿದ. ಈ ಸಲ ಅವಳ ಕೈಯ ಬಲ್ಬು ಉರಿಯಿತು. "ಈಗ ಬಿಸ್ಲಲ್ಲಿ ಹತ್ತುದ್ರೆ ಅದು ಲೆಕ್ಕಕ್ಕಿಲ್ಲ. ನಾಳೆ ಬೆಳಿಗ್ಗೆ ಚಳೀಲಿ ಹೊಡ್ದು ನೋಡಿ" ಎಂದು ಹೇಳಿ ಹೋದ. ಮರುದಿನ ಬೆಳಿಗ್ಗೆಯೇ ಅಣ್ಣಯ್ಯನನ್ನು ಡಾಕ್ಟರಿಗೆ ತೋರಿಸಲು ಹಾಸನಕ್ಕೆ ಕರೆದುಕೊಂಡು ಹೋಗಬೇಕಿತ್ತು.

ಸಂಜೆ ಬಸ್ಸಿಳಿದು ಬಂದ ಧರ್ಮ ಚಪ್ಪಲಿ ಬಿಡುವ ಮೊದಲೇ ಕೇಳಿದ್ದು, "ಸಿದ್ದು ಏನಂದ?"

"ಹೀಟರ್ ಪ್ಲಗ್ ಹಾಕ್ದ."

"ಹೌದಾ? ನಾನು ಬ್ಯಾಟರಿ ಅಂದ್ಕಂಡಿದ್ದೆ."

"ಗೌರಿಹಬ್ಬದಲ್ಲೇ ನಿಮಗೆ ಹೇಳಿದ್ನಂತೆ. ಮಾವ ಬೀಳೋಕ್ ಮುಂಚೆ."

ಅವನು ನಲ್ಲಿಯ ಹತ್ತಿರ ಹೋಗಿ ಕಾಲು ತೊಳೆಯತೊಡಗಿದ. ಒಂದು ಕಾಲು ತೊಳೆದ, ಇನ್ನೊಂದು ತೊಳೆದ, ಮತ್ತೆ ಮೊದಲಿನದನ್ನು ತೊಳೆದ. ನಯನಾ ಟವೆಲ್ ಹಿಡಿದು ಕಾದು ನಿಂತಳು, ಕೊಡಲಿಲ್ಲ. ಅವನು ನೆಲ ನೋಡುತ್ತಲೇ ಅಂದ: "ಅವತ್ತು ಹೆದರ್ಬುಟ್ಟಿದ್ದೆ ಕಣೆ. ಎಲ್ಲಾ ನನ್ ಮುಖಾನೇ ನೋಡ್ತಿದ್ರು. ಬಾಯಿಗ್ ಬಂದಿದ್ದು ಅಂದ್ಬುಟ್ಟೆ."

"ಆಮೇಲೆ?"

"ಆಮೇಲೆ ನೀನೂ ಏನೂ ಅನ್ಲಿಲ್ಲ. ಹಂಗೇ ಇದ್ಬುಡ್ತು."

ಹಂಗೇ ಇದ್ಬುಡ್ತು. ಉರುಳಿಕೊಂಡು ಹೋಗುವುದು ಉರುಳಿಕೊಂಡು ಹೋಗಲಿ, ನಿಲ್ಲಿಸಿದರೆ ತಾನೆ ತೊಂದರೆ. ಅವನು ಕೆಟ್ಟವನಲ್ಲ, ಅದು ಅವಳಿಗೆ ಗೊತ್ತು. ಅವಳಿಗೆ ಸೀರೆ ತರುವಾಗ ಬಣ್ಣ ಕೇಳಿ ತರುವವನು, ಅಪ್ಪನ ಮಲ ಮೂತ್ರಕ್ಕೆ ಅಸಹ್ಯಪಡದವನು. ಕೆಟ್ಟವನಾಗಿದ್ದರೆ ಈ ಹೊತ್ತು ಸುಲಭವಾಗುತ್ತಿತ್ತು. "ಮಾವಂಗೆ ಹೇಳಿ" ಎಂದಳು.

"ಈಗ ಹೇಳಿ ಏನ್ ಬರತ್ತೆ?"

"ಬರೋದೇನೂ ಬ್ಯಾಡ. ಹೇಳಿ."

ಅವನು ಕಾಲುವೆ ಎಷ್ಟು ಮುಚ್ಚಿದ್ದಾರೆ ನೋಡಿ ಬರುತ್ತೇನೆಂದು ಕತ್ತಲಿಗೆ ಹೋದ. ಕಾಲುವೆಯನ್ನು ಯಾರೂ ಮುಚ್ಚಿರಲಿಲ್ಲ.

ಬೆಳಿಗ್ಗೆ ಮಂಜು ಅಂಗಳದ ತುಳಸಿಕಟ್ಟೆಯನ್ನೂ ನುಂಗಿತ್ತು. ಇಬ್ಬರೂ ಸೇರಿ ಅಣ್ಣಯ್ಯನನ್ನು ಹಿಂದಿನ ಸೀಟಿನಲ್ಲಿ ಕೂರಿಸಿದರು, ಅವತ್ತು ಒರಗಿಸಿದ್ದ ಅದೇ ಬದಿಗೆ. ಶಾಲೆಯ ಕಡೆಯ ದಾರಿ ಸಮತಟ್ಟಾಗಿತ್ತು, ಅಲ್ಲಿಂದ ಹೊರಬೀಳಬಹುದು. ಧರ್ಮ ಕೀ ಹಿಡಿದು ಬರುತ್ತಿದ್ದವನು, ನಯನಾ ಆಗಲೇ ಸ್ಟೀರಿಂಗ್ ಮುಂದೆ ಕೂತಿರುವುದನ್ನು ನೋಡಿ ನಿಂತ. ಅವಳು ಕೈ ಚಾಚಿದಳು. ಅವನು ಕೊಟ್ಟ. ಆಮೇಲೆ, ಏನು ಮಾಡಬೇಕೆಂದು ತೋಚದೆಯೋ ಏನೋ, ಮುಂದಿನ ಚಕ್ರದ ಹತ್ತಿರ ಹೋಗಿ ಬಗ್ಗಿ ಕಲ್ಲಿಗಾಗಿ ಕೈಯಾಡಿಸಿದ. ಅಲ್ಲಿ ಕಲ್ಲಿರಲಿಲ್ಲ. ಎದ್ದು ಬಂದು ಪಕ್ಕದಲ್ಲಿ ಕೂತ. ಎದುರು ಬಾಗಿಲಲ್ಲಿ ಭೂತಮ್ಮ ಪೊರಕೆ ಹಿಡಿದು ನಿಂತಿದ್ದಳು.

ಕೀ ಅರ್ಧ ತಿರುಗಿಸಿದಳು. ಸುರುಳಿ ದೀಪ ಹತ್ತಿತು. ದೀಪ ಆರಿತು. ಅವಳು ಸ್ಟಾರ್ಟ್ ಹೊಡೆಯಲಿಲ್ಲ.

"ಲೈಟ್ ಹೋಯ್ತಲ್ಲ, ಹೊಡಿ" ಎಂದ ಧರ್ಮ.

ಕೀಯನ್ನು ಹಿಂದಕ್ಕೆ ತಿರುಗಿಸಿದಳು. "ನೀವು ಹೇಳೋಗಂಟ ಹೊಡಿಯಲ್ಲ."

"ನಯನಾ, ಹೊತ್ತಾಯ್ತದೆ. ಡಾಕ್ಟ್ರು ಹೋಗ್ಬುಡ್ತಾರೆ."

"ಹೋಗ್ಲಿ."

ಗಾಜಿನ ಮೇಲೆ ಮೂವರ ಉಸಿರು ಮಸುಕಾಗಿ ಕೂರತೊಡಗಿತು. ಧರ್ಮ ಆ ಮಸುಕನ್ನು ಅಂಗೈಯಿಂದ ಒರೆಸಿದ, ಅದು ಮತ್ತೆ ಕೂತಿತು. ಹಿಂದಕ್ಕೆ ತಿರುಗಲು ಅವನಿಗಾಗಲಿಲ್ಲ, ಗಾಜಿಗೇ ಹೇಳಿದ: "ಅಪ್ಪಾ, ಅವತ್ತು ಗಾಡಿ ಹತ್ದೆ ಇದ್ದಿದ್ದು ಇವಳಿಂದಲ್ಲ. ಹೀಟರ್ ಕೆಟ್ಟಿತ್ತು. ನಂಗೆ ಗೊತ್ತಿತ್ತು. ಗೊತ್ತಿದ್ದೂ ಇವಳ ತಲೆ ಮೇಲೆ ಹಾಕ್ಬುಟ್ಟೆ."

ಹಿಂದಿನ ಸೀಟಿನಲ್ಲಿ ಏನೋ ಸದ್ದಾಯಿತು. ಅಣ್ಣಯ್ಯ ಎಡಗೈಯಿಂದ ಮುಂದಿನ ಸೀಟು ಹಿಡಿದು ಮುಂದಕ್ಕೆ ಬಾಗಿದ್ದರು. ಬಾಯಿ ಒಂದೆರಡು ಸಲ ತೆರೆದು ಮುಚ್ಚಿತು. "ದೀಪ" ಎಂದರು. ನುಂಗಿಕೊಂಡರು. "ಹೋಗಿತ್ತು." ಮತ್ತೆ, ಎಡಗೈಯ ಬೆರಳನ್ನು ತಮ್ಮ ಕಣ್ಣಿಗೆ ತೋರಿಸಿ, "ನೋಡ್ದೆ."

ನಯನಾ ಕನ್ನಡಿಯಲ್ಲಿ ಅವರನ್ನು ನೋಡಿದಳು. ಜೀವಮಾನವೆಲ್ಲ ಲಾರಿಯಲ್ಲಿ ಕೂತ ಆ ಕಣ್ಣು, ಅರ್ಧ ಮೈ ಬಿದ್ದುಹೋಗುತ್ತಿದ್ದಾಗಲೂ ಮೀಟರಿನ ಮೇಲೇ ಇತ್ತು. ದೀಪ ಆರಿತ್ತು. ಅವಳು ತಡೆದಿದ್ದಳು. ಎರಡು ವರ್ಷ ನೆನಪಿನಲ್ಲಿ ಉರಿಯುತ್ತಲೇ ಇದ್ದ ಆ ಹಳದಿ ದೀಪ ಈಗ ಆರಿತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಕಾಪಿ ಎನ್ನಲು ಬರುತ್ತಿತ್ತು ಇವರಿಗೆ. ಬಿಸ್ಲು ಎನ್ನಲು ಬರುತ್ತಿತ್ತು.

"ಮೊದ್ಲೇ ಹೇಳ್ಬೋದಿತ್ತಲ್ಲ ಮಾವ" ಎಂದಳು. ಕೇಳಿದ್ದು ಸಿಟ್ಟಿನಿಂದಲೇ.

ಅಣ್ಣಯ್ಯ ಕಣ್ಣು ತಪ್ಪಿಸಲಿಲ್ಲ. ಎಡಗೈಯನ್ನು ಎತ್ತಿ ಮುಂದೆ ಕೂತಿದ್ದ ಧರ್ಮನ ಹೆಗಲಿನ ಮೇಲಿಟ್ಟರು. "ಅವ್ನು... ನನ್ ಮಗ" ಎಂದರು. ಅವರ ಗಲ್ಲದ ಮೇಲೆ ನೀರಿಳಿಯಿತು. ಇವತ್ತು ಅದನ್ನು ಒರೆಸಲು ಯಾರ ಕೈಯೂ ಮೇಲೇಳಲಿಲ್ಲ.

ಅವಳು ಕೀಯನ್ನು ಮತ್ತೆ ಮೊದಲಿಂದ ತಿರುಗಿಸಿದಳು. ದೀಪ ಹತ್ತಿತು. ಮೂವರೂ ಅದನ್ನೇ ನೋಡುತ್ತ ಕೂತರು. ಆರಿತು. ಪೂರ್ತಿ ತಿರುಗಿಸಿದಳು. ಎಂಜಿನ್ ಒಂದೇ ಸಲಕ್ಕೆ, ಅದುವರೆಗೆ ಏನೂ ಆಗಿಯೇ ಇಲ್ಲವೆಂಬಂತೆ, ಹತ್ತಿಕೊಂಡಿತು. ಗಾಡಿ ನಿಂತಲ್ಲೇ ನಿಂತಿತ್ತು, ಯಾರೂ ಓಡಿ ಬಂದು ಹತ್ತಬೇಕಾಗಿರಲಿಲ್ಲ. ನಯನಾ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಅಳುವಷ್ಟು ಅತ್ತಳು. ಆಮೇಲೆ ಸೆರಗಿನಿಂದ ಮೊದಲು ಮಾವನ ಗಲ್ಲ ಒರೆಸಿ, ತನ್ನದೂ ಒರೆಸಿಕೊಂಡು, ಗೇರ್ ಹಾಕಿದಳು.